ಬಾಸ್ಟನ್ ಐಸ್ ಕಲ್ಕತ್ತಕ್ಕೆ: ಕೋಲ್ಡ್ ಸ್ಟೋರೇಜ್ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಮಲೆನಾಡ ಹುಡುಗ: ಸರ್, ಕರೆಂಟ್ ಇಲ್ಲದ ಕಾಲದಲ್ಲಿ ಅಮೆರಿಕದಿಂದ ಕಲ್ಕತ್ತಕ್ಕೆ ಹಡಗಿನಲ್ಲಿ ಐಸ್ ಬರುತ್ತಿತ್ತಂತೆ, ನಿಜಾನಾ? ನಾನು ಅಂಗಡಿಯಿಂದ ಮನೆಗೆ ತರುವಷ್ಟರಲ್ಲೇ ಅರ್ಧ ನೀರಾಗಿರುತ್ತೆ.

ಇಂಜಿನಿಯರ್: ನಿಜ. 1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗು ಸುಮಾರು 180 ಟನ್ ಐಸ್ ತುಂಬಿಕೊಂಡು ಬಾಸ್ಟನ್ ಬಿಟ್ಟಿತು. ಸೂಯೆಜ್ ಕಾಲುವೆ ಆಗಿನ್ನೂ ಇರಲಿಲ್ಲ. ಆಫ್ರಿಕಾ ಸುತ್ತಿಕೊಂಡು, ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ ಸೆಪ್ಟೆಂಬರ್‌ನಲ್ಲಿ ಕಲ್ಕತ್ತ ಸೇರಿತು. ಆಗಲೂ ಸುಮಾರು 100 ಟನ್ ಉಳಿದಿತ್ತು. ಇದರ ಹಿಂದೆ ಇದ್ದವನು ಫ್ರೆಡರಿಕ್ ಟ್ಯೂಡರ್. 1806ರಲ್ಲೇ ಮಾರ್ಟಿನಿಕ್ ದ್ವೀಪಕ್ಕೆ ಐಸ್ ಕಳಿಸಿ ಕೈಸುಟ್ಟುಕೊಂಡಿದ್ದ. ಸಾಲಕ್ಕಾಗಿ ಜೈಲಿಗೂ ಹೋಗಿ ಬಂದ ಮನುಷ್ಯ.

ಗುಟ್ಟು ಇರುವುದು ಜೋಡಣೆಯಲ್ಲಿ. ಒಂದಡಿ ಉದ್ದ, ಅಗಲ, ಎತ್ತರದ ಸಾವಿರ ಗಡ್ಡೆಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಬಿಸಿ ತಾಗುವ ಮೈ 6,000 ಚದರ ಅಡಿ. ಅವನ್ನೇ ಸಂದಿಲ್ಲದೆ ಒತ್ತಿ ಪೇರಿಸಿದರೆ ಬರೀ 600. ಹಾಗೆ ಪೇರಿಸಬೇಕಾದರೆ ಎಲ್ಲ ಗಡ್ಡೆಯೂ ಒಂದೇ ಅಳತೆ ಇರಬೇಕು, ಅಲ್ವಾ? ಅದಕ್ಕೆ ನಥಾನಿಯಲ್ ವಯೆತ್ ಎಂಬವನು 1825ರಲ್ಲಿ ಕುದುರೆ ಎಳೆಯುವ ನೇಗಿಲು ಮಾಡಿದ. ಹೆಪ್ಪುಗಟ್ಟಿದ ಕೆರೆಯ ಮೇಲೆ ಅದರಿಂದ ಉದ್ದಕ್ಕೂ ಅಡ್ಡಕ್ಕೂ ಗೀರು ಹಾಕಿ ಮೀಟಿದರೆ, ತಟ್ಟೆಯಿಂದ ಮೈಸೂರ್‌ಪಾಕ್ ಎದ್ದ ಹಾಗೆ ಗಡ್ಡೆ ಏಳುತ್ತಿತ್ತು. ಸುತ್ತ ಮರದ ಹೊಟ್ಟು. ಅದರೊಳಗೆ ಸಿಕ್ಕಿಕೊಂಡ ಗಾಳಿ ಬಿಸಿಯನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಹೊಟ್ಟು ನೆನೆದರೆ ಕೆಲಸ ಕೆಟ್ಟಿತು, ಅದಕ್ಕೇ ಕರಗಿದ ನೀರನ್ನು ಆಗಾಗ ಹೊರಹಾಕಬೇಕು.

ಇನ್ನೊಂದು: ಒಂದು ಕೆಜಿ ಐಸ್ ಕರಗಿಸುವ ಬಿಸಿಯಲ್ಲಿ ಒಂದು ಕೆಜಿ ನೀರನ್ನು 80 ಡಿಗ್ರಿಯಷ್ಟು ಕಾಯಿಸಬಹುದು. ಐಸ್ ಸುಮ್ನೆ ಕರಗುವ ವಸ್ತು ಅಲ್ಲ. ನಿಮ್ಮ ಪ್ಲಾಸ್ಟಿಕ್ ಕವರಿನದೇ ತಪ್ಪು.

ಕಾಫಿ ತೋಟ: ಹೊಟ್ಟು ಯಾಕೆ ಹಾಕುತ್ತಿದ್ದರು ಸರ್?

ಇಂಜಿನಿಯರ್: ಮೇಲೆ ಇದೆ.

ಚೆನ್ನೈ ಕನ್ನಡಿಗ: ನಮ್ಮ ಮರೀನಾ ಬೀಚಿನ ಐಸ್ ಹೌಸ್ ಬ್ರಿಟಿಷರ ಐಸ್ ಫ್ಯಾಕ್ಟರಿ ಆಗಿತ್ತು.

ಲೆಕ್ಕದ ಮೇಷ್ಟ್ರು: ಫ್ಯಾಕ್ಟರಿ ಅಲ್ಲ ಮಾರಾಯ್ರೆ, ಗೋದಾಮು. 1842ರಲ್ಲಿ ಟ್ಯೂಡರ್ ಕಟ್ಟಿಸಿದ್ದು.

ಚೆನ್ನೈ ಕನ್ನಡಿಗ: ನಾನು ದಿನಾ ಅದರ ಮುಂದೆ ಓಡಾಡುತ್ತೇನೆ.

ಲೆಕ್ಕದ ಮೇಷ್ಟ್ರು: ಓಡಾಡಿದರೆ ಇತಿಹಾಸ ಬರುತ್ತಾ? 1897ರಲ್ಲಿ ವಿವೇಕಾನಂದರು ಉಳಿದುಕೊಂಡಿದ್ದರು ಅಂತ ಬೋರ್ಡನ್ನಾದರೂ ಓದಿದ್ದೀರಾ?

ಹಳೇ ರೇಡಿಯೋ: ಮೈಸೂರು ಅರಮನೆಗೂ ಈ ಐಸ್ ಬರುತ್ತಿತ್ತಾ?

ಕಾಫಿ ತೋಟ: ವ್ಯಾಪಾರ ಯಾಕೆ ನಿಂತಿತು?

ಇಂಜಿನಿಯರ್: 1870ರ ದಶಕದಲ್ಲಿ ಮದ್ರಾಸ್, ಕಲ್ಕತ್ತದಲ್ಲೇ ಯಂತ್ರದ ಐಸ್ ಶುರುವಾಯಿತು.

ಚೆನ್ನೈ ಕನ್ನಡಿಗ: ಅಮೆರಿಕ, ಬ್ರಿಟಿಷ್ ಎಲ್ಲ ಬಿಡಿ. ನಮ್ಮಲ್ಲಿ ಮೊದಲೇ ಇತ್ತು. ಬಂದ ಮೆಸೇಜ್ ಹಾಕುತ್ತಿದ್ದೇನೆ: “ಅಕ್ಬರನ ಫ್ರಿಜ್! ಒಂದು ಕೊಡ ನೀರಿಗೆ ಎರಡು ಚಮಚ ಪೆಟ್ಲುಪ್ಪು ಹಾಕಿ ಕುಡಿಯಿರಿ. ಹತ್ತು ಜನರಿಗೆ ಕಳಿಸಿ.”

ಇಂಜಿನಿಯರ್: ಇದನ್ನು ಈಗಲೇ ಅಳಿಸಿ. ಅಕ್ಬರನ ಆಸ್ಥಾನದಲ್ಲಿ ಪೆಟ್ಲುಪ್ಪು ಬಳಸುತ್ತಿದ್ದದ್ದು ನಿಜ, ಆದರೆ ಕುಡಿಯುವ ನೀರಿಗೆ ಹಾಕಿ ಅಲ್ಲ. ಬಾಯಿ ಮುಚ್ಚಿದ ಹೂಜಿಯನ್ನು ಪೆಟ್ಲುಪ್ಪಿನ ನೀರಿನಲ್ಲಿ ಹೊರಳಾಡಿಸುತ್ತಿದ್ದರು. ಉಪ್ಪು ಕರಗುವಾಗ ಬಿಸಿ ಹೀರುತ್ತದೆ, ಹೂಜಿ ತಣ್ಣಗಾಗುತ್ತದೆ. ಒಳಗಿನ ನೀರಿಗೆ ಉಪ್ಪು ಸೋಕುವುದೇ ಇಲ್ಲ. ಇದು ಪಟಾಕಿ ಮದ್ದಿಗೆ ಹಾಕುವ ಸಾಮಾನು ಕಣ್ರೀ!

ಅಮ್ಮಿಕಲ್ಲು: ಸರ್, ಈ ಮೆಸೇಜ್ ನಮ್ಮ ಅತ್ತೆಗೂ ಬಂದಿತ್ತು. ಬೆಳಿಗ್ಗೆ ಹಾಗೇ ಮಾಡಿದ್ದಾರೆ. ಅದೇ ನೀರಲ್ಲಿ ಎಂಟು ತಿಂಗಳ ಮಗುವಿಗೆ ಹಾಲಿನ ಪುಡಿ ಕಲಸಿದ್ದೇನೆ.

ಇಂಜಿನಿಯರ್: ಆ ನೀರನ್ನು ಯಾರೂ ಮುಟ್ಟಬೇಡಿ. ಮಗುವನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಪೆಟ್ಲುಪ್ಪಿನ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ. ನಾನು ಡಾಕ್ಟರ್ ಅಲ್ಲ, ಆದರೆ ಇಷ್ಟು ಗೊತ್ತು: ಪೆಟ್ಲುಪ್ಪಿನಲ್ಲಿರುವ ನೈಟ್ರೇಟ್ ಎಳೆ ಮಕ್ಕಳ ರಕ್ತಕ್ಕೆ ಆಮ್ಲಜನಕ ಸಾಗಿಸಲು ಬಿಡುವುದಿಲ್ಲ. ತುಟಿ, ಉಗುರು ನೀಲಿಗಟ್ಟಿದೆಯಾ ನೋಡಿ. ನೀಲಿ ಇಲ್ಲದಿದ್ದರೂ ಹೋಗಿ.

ಲೆಕ್ಕದ ಮೇಷ್ಟ್ರು: ನೋಡಿ, ಫಾರ್ವರ್ಡ್ ಮಾಡುವವರಿಗೆ ಹೇಳಿ ಹೇಳಿ ಸಾಕಾಯಿತು.

ಚೆನ್ನೈ ಕನ್ನಡಿಗ: ನಾನು ಬರೆದದ್ದಲ್ಲ, ಬಂದದ್ದು ಹಾಕಿದೆ. ಗೋದಾಮಿನ ಸಿಟ್ಟು ಇಲ್ಲಿ ತೀರಿಸಬೇಡಿ.

ಕಾಫಿ ತೋಟ: ಸರ್, ತೆಂಗಿನ ನಾರಿನ ಪುಡಿ ಹಾಕಿದರೆ ಆಗುತ್ತಾ, ಹೊಟ್ಟಿನ ಬದಲು?

ಇಂಜಿನಿಯರ್: ಎಲ್ಲರೂ ಸ್ವಲ್ಪ ಬಾಯಿ ಮುಚ್ಚಿಕೊಂಡಿರಿ. ಅಮ್ಮಿಕಲ್ಲು ಅವರೇ, ಹೊರಟಿರಾ?

ಅಮ್ಮಿಕಲ್ಲು: ಆಟೋದಲ್ಲಿದ್ದೇವೆ ಸರ್.