ಹಕ್ಕೊತ್ತಾಯ, ವಿದೇಶಿ ನೆರವು ಮತ್ತು ನಮ್ಮ ಸಂಸ್ಥೆಗಳು: ಪ್ರಶ್ನೋತ್ತರ

ಅಡ್ಮಿನ್: ಅಂತರರಾಷ್ಟ್ರೀಯ ನೆರವಿನ ಯೋಜನೆಗಳ ಮೌಲ್ಯಮಾಪನ ಮಾಡುವ ಮೇಡಂ ಇಂದು ಸಂಜೆ ಏಳರಿಂದ ಒಂಬತ್ತರವರೆಗೆ ಗುಂಪಿನಲ್ಲಿ ಉತ್ತರಿಸುತ್ತಾರೆ. ಉಡುಪಿ, ಮಂಗಳೂರು ಭಾಗದ ಸಂಸ್ಥೆಗಳವರು ವಿಷಯಕ್ಕೆ ಸಂಬಂಧಿಸಿದ್ದನ್ನು ಮಾತ್ರ ಕೇಳಬೇಕಾಗಿ ವಿನಂತಿ.

ಕುಂದಾಪುರದ ಸದಸ್ಯರು: ನಮ್ಮ ಟ್ರಸ್ಟ್ ನೋಂದಣಿಯಾಗಿ ಒಂದು ವರ್ಷವಾಯಿತು. ವಿದೇಶಿ ನೆರವು ಪಡೆಯಬಹುದೇ ಮೇಡಂ?

ಮೇಡಂ: ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು ಮತ್ತು ಆ ಮೂರು ವರ್ಷಗಳಲ್ಲಿ ಮುಖ್ಯ ಚಟುವಟಿಕೆಗಳಿಗೆ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ಅದಕ್ಕೂ ಮೊದಲು ಬೇಕೆಂದರೆ ನಿರ್ದಿಷ್ಟ ದಾನಿಯಿಂದ ನಿರ್ದಿಷ್ಟ ಕೆಲಸಕ್ಕೆ ಪೂರ್ವಾನುಮತಿ ಕೇಳಬಹುದು. ಹಣ ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ.

ಕಾರ್ಕಳದ ಕಾರ್ಯಕರ್ತೆ: ನಮಸ್ಕಾರ ಮೇಡಂ. ಯುರೋಪಿನ ಒಂದು ದಾನಿ ಸಂಸ್ಥೆಯ ನೆರವಿನಿಂದ ಎರಡು ವರ್ಷಗಳಿಂದ ಪರಿಶಿಷ್ಟ ಪಂಗಡದ ಕೊರಗರ ಕಾಲೊನಿಯೊಂದರಲ್ಲಿ ಹಕ್ಕುಪತ್ರಕ್ಕಾಗಿ ಕೆಲಸ ಮಾಡುತ್ತಿದ್ದೇವೆ. ಕಳೆದ ಗ್ರಾಮಸಭೆಯಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, ಹಿಂದಿನ ಸಭೆಯ ಅನುಪಾಲನಾ ವರದಿಯಲ್ಲಿ (ಸಭೆಯ ತೀರ್ಮಾನಗಳ ಮೇಲೆ ಏನು ಕ್ರಮವಾಯಿತು ಎಂಬ ವರದಿ) ತಮ್ಮ ಅರ್ಜಿಯ ಪ್ರಸ್ತಾಪವೇ ಏಕಿಲ್ಲ ಎಂದು ಕೇಳಿದಳು. ಆ ಬಳಿಕ ಅವಳ ಮನೆಯವರು ಹೆಣೆದ ಬುಟ್ಟಿಗಳನ್ನು ಕೊಳ್ಳುತ್ತಿದ್ದ ಮೂರು ಅಂಗಡಿಯವರು ಬೇಡ ಎನ್ನುತ್ತಿದ್ದಾರೆ. ಬುಟ್ಟಿಗಳು ಜಗಲಿಯ ಮೂಲೆಯಲ್ಲಿ ಮಾಡಿನವರೆಗೆ ಪೇರಿಸಿ ಕುಳಿತಿವೆ. ತಾಯಿಗೆ ತೋಟದ ಕೆಲಸಕ್ಕೆ ಕರೆ ಬರುತ್ತಿಲ್ಲ. ಇತ್ತ ದಾನಿ ಸಂಸ್ಥೆಯವರು ಅವಳ ವಿಡಿಯೋ ಮಾಡಿ, ‘ಪರಿವರ್ತನೆಯ ಕಥೆ’ ಎಂದು ಈ ತಿಂಗಳೊಳಗೆ ಕಳುಹಿಸಿ ಎನ್ನುತ್ತಿದ್ದಾರೆ. ಏನು ಮಾಡಲಿ?

ಮೇಡಂ: ವಿಡಿಯೋ ಮಾಡಬೇಡಿ. ಉಳಿದವರು ದಯವಿಟ್ಟು ಸ್ವಲ್ಪ ಕಾಯಿರಿ, ಇದಕ್ಕೆ ವಿವರವಾಗಿ ಬರೆಯಬೇಕಾಗಿದೆ.

ಮೊದಲು ಆ ಮನೆಯ ಅನ್ನದ ವಿಚಾರ. ಬುಟ್ಟಿಗಳಿಗೆ ಬೇರೆ ಪೇಟೆಯಲ್ಲಿ ಗಿರಾಕಿ ಹುಡುಕುವುದು ಈ ವಾರವೇ ಆಗಬೇಕು. ಪರಿಶಿಷ್ಟ ಪಂಗಡದವರ ಮೇಲೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹೇರುವುದು 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಪರಾಧ. ಆದ್ದರಿಂದ ಯಾವ ದಿನ, ಯಾರು, ಏನು ಹೇಳಿ ಖರೀದಿ ನಿಲ್ಲಿಸಿದರು ಎಂಬುದನ್ನು ದಿನಾಂಕ ಸಹಿತ ಬರೆದಿಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅವರಿಗೆ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ. ಆದರೆ ದೂರು ಕೊಡುವ ನಿರ್ಧಾರ ಆ ಕುಟುಂಬದ್ದು. ನೀವಾಗಲಿ, ದಾನಿಯಾಗಲಿ ಅದನ್ನು ಅವರ ಪರವಾಗಿ ತೀರ್ಮಾನಿಸಬಾರದು.

ಎರಡನೆಯದಾಗಿ, ಮುಂದಿನ ಅರ್ಜಿ ಅವಳ ಹೆಸರಿನಲ್ಲಿ ಹೋಗದಿರಲಿ. ಕಾಲೊನಿಯ ಸಂಘದ ಹೆಸರಿನಲ್ಲಿ ಬರೆದು, ಐದಾರು ಜನ ಒಟ್ಟಿಗೆ ಹೋಗಿ ಪಿಡಿಓ ಕೈಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಲಿಖಿತ ಹಿಂಬರಹ ಕೇಳಿ. ಸಭೆಯ ನಡಾವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನಗಳೊಳಗೆ ಉತ್ತರ ಕೊಡಲೇಬೇಕು. ಒಬ್ಬಳ ಧ್ವನಿಯನ್ನು ಅಡಗಿಸಬಹುದು, ಮೊಹರು ಬಿದ್ದ ಕಾಗದವನ್ನು ಅಡಗಿಸುವುದು ಅಷ್ಟು ಸುಲಭವಲ್ಲ.

ಇನ್ನು ದಾನಿಯ ವಿಚಾರ. ನಿಮ್ಮ ಲಾಗ್‌ಫ್ರೇಮಿನಲ್ಲಿ, ಅಂದರೆ ಯೋಜನೆಯ ಗುರಿ ಮತ್ತು ಸೂಚಕಗಳ ಪಟ್ಟಿಯಲ್ಲಿ, ‘ಗ್ರಾಮಸಭೆಯಲ್ಲಿ ಮಾತನಾಡಿದ ಮಹಿಳೆಯರ ಸಂಖ್ಯೆ’ ಎಂಬ ಸಾಲು ಇದ್ದರೆ ಅದನ್ನು ತೆಗೆಸಿ. ಅವಳು ಮಾತನಾಡಿದ್ದು ಅವಳ ಧೈರ್ಯ, ಅದು ನಮ್ಮ ಯೋಜನೆಯ ಫಲಿತಾಂಶವಲ್ಲ. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 2000ದಲ್ಲಿಯೇ ಬಂದಿದೆ. ಆದರೂ ಕೊರಗರ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳಿದ್ದಕ್ಕೆ ಮನೆಯ ಆದಾಯ ನಿಲ್ಲುತ್ತದೆ ಎಂದರೆ ಬದಲಾಗಬೇಕಾದವರು ಯಾರೆಂದು ಗೊತ್ತಾಗುತ್ತದೆ. ಕೆನಡಾದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ (ಐಡಿಆರ್‌ಸಿ) 2001ರಲ್ಲಿ ಪ್ರಕಟಿಸಿದ ‘ಔಟ್‌ಕಮ್ ಮ್ಯಾಪಿಂಗ್’ ಕ್ರಮದಲ್ಲಿ ನಾವು ಯಾರೊಂದಿಗೆ ನೇರವಾಗಿ ವ್ಯವಹರಿಸುತ್ತೇವೋ ಅವರ ನಡವಳಿಕೆಯನ್ನು ಮೂರು ಹಂತಗಳಲ್ಲಿ ನೋಡುತ್ತಾರೆ. ನಿಮ್ಮಲ್ಲಿ ಅದು ಹೀಗಿರಬಹುದು: ಪಂಚಾಯಿತಿಯವರು ಅರ್ಜಿ ಪಡೆದು ಹಿಂಬರಹ ಕೊಡುವುದು ಮೊದಲನೆಯದು, ಸಭೆಗೆ ಮುನ್ನ ಕಾಲೊನಿಗೇ ಬಂದು ವಿಷಯ ಕೇಳುವುದು ಎರಡನೆಯದು, ಯಾರೂ ಕೇಳದೆ ತಾವಾಗಿಯೇ ಅನುಪಾಲನಾ ವರದಿಯಲ್ಲಿ ಸೇರಿಸುವುದು ಮೂರನೆಯದು. ಮೂರನೆಯದಕ್ಕೆ ಮೂರು ವರ್ಷ ಸಾಲದು ಎಂದು ದಾನಿಗೆ ಈಗಲೇ ಬರೆಯಿರಿ.

ಸುರತ್ಕಲ್‌ನ ಸದಸ್ಯರು: ಫಾರ್ವರ್ಡ್ ಆಗಿ ಬಂದದ್ದು: ‘ಎಫ್‌ಸಿಆರ್‌ಎ ಇಲ್ಲದ ಸಂಸ್ಥೆಗಳು ದೊಡ್ಡ ಸಂಸ್ಥೆಯ ಖಾತೆಗೆ ವಿದೇಶಿ ಹಣ ತರಿಸಿ, ಸಲಹಾ ಶುಲ್ಕದ ಬಿಲ್ ಹಾಕಿ ತಮ್ಮ ಖಾತೆಗೆ ಪಡೆಯಬಹುದು. ನೂರು ಪ್ರತಿಶತ ಕಾನೂನುಬದ್ಧ.’ ಹೀಗೆ ಮಾಡಬಹುದೇ?

ಮೇಡಂ: ಖಂಡಿತ ಮಾಡಬಾರದು. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯನ್ನು ಬೇರೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚವೂ ಶೇ. 20ನ್ನು ಮೀರುವಂತಿಲ್ಲ. ಮಾಡದ ಕೆಲಸಕ್ಕೆ ಬಿಲ್ ಹಾಕಿದರೆ ಎರಡೂ ಸಂಸ್ಥೆಗಳು ಸಿಕ್ಕಿಬೀಳುತ್ತವೆ. ಈ ಸಂದೇಶವನ್ನು ದಯವಿಟ್ಟು ಅಳಿಸಿಹಾಕಿ, ಬೇರೆ ಗುಂಪುಗಳಿಗೆ ಕಳುಹಿಸಬೇಡಿ.

ಮಂಗಳೂರಿನ ಸದಸ್ಯರು: ವಿದೇಶಿ ಹಣ ತಂದು ಊರವರ ನಡುವೆ ಜಗಳ ಹಚ್ಚುವುದನ್ನೇ ನೀವೆಲ್ಲ ಹಕ್ಕೊತ್ತಾಯ ಎನ್ನುತ್ತೀರಾ? ಆ ಹುಡುಗಿ ಸುಮ್ಮನಿದ್ದಿದ್ದರೆ ಬುಟ್ಟಿಯಾದರೂ ಮಾರಾಟವಾಗುತ್ತಿತ್ತು.

ಬೆಳ್ತಂಗಡಿಯ ಸದಸ್ಯರು: ಈ ಮಾತನ್ನು ಕೊಕ್ಕಡಕ್ಕೆ ಬಂದು ಹೇಳಿ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದಾಗ ಸುಮ್ಮನಿದ್ದವರಿಂದ ನಿಷೇಧ ಬರಲಿಲ್ಲ. ಹಾಸಿಗೆ ಹಿಡಿದ ಮಕ್ಕಳ ತಾಯಂದಿರು ಕಚೇರಿಯಿಂದ ಕಚೇರಿಗೆ ಅಲೆದದ್ದರಿಂದ ಬಂತು.

ಮಣಿಪಾಲದ ಸದಸ್ಯರು: ಆದರೆ ಎಂಡೋಸಲ್ಫಾನ್ ತೀರ್ಮಾನವಾದದ್ದು ಜಿನೀವಾದಲ್ಲಿ ಎಂಬುದನ್ನು ಮರೆಯಬಾರದು. 2011ರ ಏಪ್ರಿಲ್‌ನಲ್ಲಿ ಅಪಾಯಕಾರಿ ರಾಸಾಯನಿಕಗಳನ್ನು ಕೈಬಿಡುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ಆದೇಶ ಬಂತು.

ಬೆಳ್ತಂಗಡಿಯ ಸದಸ್ಯರು: ಜಿನೀವಾದವರಿಗೆ ಕಾಸರಗೋಡು, ಕೊಕ್ಕಡದ ಹೆಸರು ಹೇಳಿದವರು ಯಾರು?

ಮಂಗಳೂರಿನ ಸದಸ್ಯರು: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ವಿದೇಶಿ ಹಣದಲ್ಲಿ ಹೋರಾಟ ಮಾಡುವುದೇ ಕಾನೂನುಬಾಹಿರ.

ಮೇಡಂ: ಅದು ತಪ್ಪು. ಪಕ್ಷ ರಾಜಕೀಯದ ಉದ್ದೇಶವಿಲ್ಲದೆ ಸಾರ್ವಜನಿಕ ಬೇಡಿಕೆಗಾಗಿ ಹರತಾಳ, ರಸ್ತೆ ತಡೆಯಂಥ ಪ್ರತಿಭಟನೆಗೆ ಬೆಂಬಲ ಕೊಟ್ಟ ಮಾತ್ರಕ್ಕೆ ಒಂದು ಸಂಸ್ಥೆಯನ್ನು ರಾಜಕೀಯ ಸ್ವರೂಪದ್ದೆಂದು ಕರೆದು ವಿದೇಶಿ ದೇಣಿಗೆಯ ಹಕ್ಕನ್ನು ಕಸಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಹೇಳಿದೆ. ಇನ್ನು ‘ಸುಮ್ಮನಿದ್ದಿದ್ದರೆ’ ಎಂಬ ನಿಮ್ಮ ಮಾತು ನನಗೆ ನೋವು ತಂದಿದೆ. ಆ ಹುಡುಗಿಯ ತಾಯಿ ಈ ಗುಂಪಿನಲ್ಲಿದ್ದರೆ ನೀವು ಹಾಗೆ ಬರೆಯುತ್ತಿದ್ದಿರೇ?

ಮಲ್ಪೆಯ ಸದಸ್ಯೆ: ಮೀನು ಮಾರುವ ಮಹಿಳೆಯರ ಸಂಘಕ್ಕೆ ಕಂಪನಿಯೊಂದರ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಪಡೆದರೆ ಅದೇ ಕಂಪನಿಯ ವಿರುದ್ಧ ಮಾತನಾಡುವ ಸ್ವಾತಂತ್ರ್ಯ ನಮಗೆ ಉಳಿಯುತ್ತದೆಯೇ ಮೇಡಂ?

ಬ್ರಹ್ಮಾವರದ ಸದಸ್ಯರು: ಹೊಸ ಟ್ರಸ್ಟ್‌ಗೆ ವಿದೇಶಿ ನೆರವು ಸಿಗುತ್ತದೆಯೇ?

ಮೇಡಂ: ಮೊದಲ ಉತ್ತರ ಓದಿ.

ಮೂಡುಬಿದಿರೆಯ ಸದಸ್ಯರು: ಮೇಡಂ, ಟ್ರಸ್ಟ್‌ಗೆ ಎಫ್‌ಸಿಆರ್‌ಎ...

ಮೇಡಂ: ಮೇಲೆ ಬರೆದಿದ್ದೇನೆ. ಇನ್ನು ಈ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಮಂಗಳೂರಿನ ಸದಸ್ಯರು: ಪ್ರಶ್ನೆ ಕೇಳಿದವರನ್ನು ಗದರಿಸುವುದಾದರೆ ಗುಂಪು ಏಕೆ ಬೇಕು?

ಅಡ್ಮಿನ್: ದಯವಿಟ್ಟು ಎಲ್ಲರೂ ಮರ್ಯಾದೆಯಿಂದ ಮಾತನಾಡಿ.

ಕಾರ್ಕಳದ ಕಾರ್ಯಕರ್ತೆ: ಮೇಡಂ, ಈಗಷ್ಟೇ ಅವಳ ಮನೆಯಿಂದ ಬಂದೆ. ವಿಡಿಯೋ ಬೇಡ ಎಂದಳು. ಆದರೆ ಅರ್ಜಿಯಿಂದ ತನ್ನ ಹೆಸರು ತೆಗೆಯುವುದು ಬೇಡ, ಸಂಘದ ಹೆಸರಿನ ಕೆಳಗೆ ಮೂರನೆಯದಾಗಿ ತಾನೂ ಸಹಿ ಹಾಕುತ್ತೇನೆ ಎಂದು ಹಟ ಹಿಡಿದಿದ್ದಾಳೆ.

ಮೇಡಂ: ಅವಳು ಹೇಳಿದಂತೆಯೇ ಆಗಲಿ. ನಾನು ‘ಅವಳ ಹೆಸರು ಬೇಡ’ ಎಂದದ್ದು ಅವಳನ್ನು ಕೇಳದೆ ಹೇಳಿದ ಮಾತು, ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಮೊಹರು ಬಿದ್ದ ಅರ್ಜಿಯ ಒಂದು ಪ್ರತಿ ಅವಳ ಮನೆಯಲ್ಲೇ ಇರಲಿ.