ಮೂರನೆಯ ಕರಡಿನ ನಡುವೆ: ಕಾದಂಬರಿ ಬರೆಯುವವರ ಕೆಲವು ಪ್ರಶ್ನೆಗಳು

ನನ್ನ ಮೊದಲ ಕಾದಂಬರಿ ಇನ್ನೂ ಅಚ್ಚಾಗಿಲ್ಲ. ಮೂರನೆಯ ಕರಡು ತಿದ್ದುತ್ತಿದ್ದೇನೆ. ಹಾಗಾಗಿ ಪ್ರಕಟಣೆಗಿಂತ ಬರವಣಿಗೆಯ ಕುರಿತ ಪ್ರಶ್ನೆಗಳಿಗೇ ಹೆಚ್ಚು ಉತ್ತರಿಸಿದ್ದೇನೆ.

ಪ್ರಶ್ನೆ: ಕೆಲಸಕ್ಕೆ ಹೋಗಿಬಂದು, ಮನೆಯನ್ನೂ ನೋಡಿಕೊಂಡು ಬರೆಯಲು ಹೊತ್ತು ಎಲ್ಲಿಂದ ಸಿಗುತ್ತದೆ?

ಉತ್ತರ: ತಾನಾಗಿ ಸಿಗುವುದಿಲ್ಲ, ತೆಗೆದಿಡಬೇಕು. ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ನೌಕರರಾಗಿದ್ದರು. ಬೆಳಿಗ್ಗೆ ಐದೂವರೆಗೆ ಕುಳಿತು, ಎದುರಿಗೆ ಗಡಿಯಾರ ಇಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದರು. ಅವರ ಕಾದಂಬರಿಗಳ ಸಂಖ್ಯೆ 47. ಆ ವೇಗ ನನ್ನದಲ್ಲ. ದಿನಕ್ಕೆ 300 ಪದ ಬರೆಯುತ್ತೇನೆ. ವರ್ಷದಲ್ಲಿ 65 ದಿನ ತಪ್ಪಿದರೂ 90,000 ಪದಗಳಾಗುತ್ತವೆ. ಒಂದು ಕಾದಂಬರಿಗೆ ಧಾರಾಳವಾಯಿತು.

ಪ್ರಶ್ನೆ: ಮೊದಲ ಐವತ್ತು ಪುಟ ಸರಾಗವಾಗಿ ಬಂತು. ಈಗ ಕಥೆ ಮುಂದಕ್ಕೆ ಸಾಗುತ್ತಿಲ್ಲ. ಬೇರೆ ಕಥೆ ಶುರು ಮಾಡಲೇ?

ಉತ್ತರ: ದಯವಿಟ್ಟು ಬೇಡ. ನಾನು ಎರಡು ಸಲ ಹಾಗೆ ಕೈಬಿಟ್ಟೆ; ಹೊಸ ಕಥೆಯೂ ಬಂದು ಅದೇ ಜಾಗದಲ್ಲಿ ನಿಂತಿತು. ಐವತ್ತು ಪುಟದವರೆಗೆ ಕಥೆಯ ಹೊಸತನ ನಮ್ಮನ್ನು ಎಳೆಯುತ್ತದೆ, ಆಮೇಲೆ ಪಾತ್ರದ ಆಸೆ ಎಳೆಯಬೇಕು. ನನ್ನ ನಾಯಕಿ ಬಂದದ್ದನ್ನೆಲ್ಲ ಸುಮ್ಮನೆ ಅನುಭವಿಸುತ್ತಿದ್ದಳು. ಅವಳಿಗೆ ಏನು ಬೇಕು, ಅದಕ್ಕೆ ಅಡ್ಡ ನಿಂತವರು ಯಾರು ಎಂದು ಕೇಳಿಕೊಂಡ ದಿನ ಕಥೆ ಮತ್ತೆ ನಡೆಯಿತು.

ಇನ್ನೊಂದು ಮಾತು. ಸಿಕ್ಕಿಕೊಂಡಾಗ ಹಿಂದಿನ ಪುಟಗಳನ್ನು ತಿದ್ದುತ್ತ ಕೂರಬೇಡಿ. ಮೊದಲ ಅಧ್ಯಾಯವನ್ನು ನಾನು ಒಂಬತ್ತು ಬಾರಿ ತಿದ್ದಿದೆ. ಎರಡನೆಯ ಕರಡಿನಲ್ಲಿ ಆ ಅಧ್ಯಾಯವೇ ಬೇಕಾಗಲಿಲ್ಲ.

ಪ್ರಶ್ನೆ: ದುಃಖದ ಸನ್ನಿವೇಶ ಬರೆದರೆ ಸಪ್ಪೆಯಾಗುತ್ತದೆ. ಏನು ಮಾಡಲಿ?

ಉತ್ತರ: ಗಂಡನನ್ನು ಕಳೆದುಕೊಂಡ ಹೆಂಗಸಿನ ಬಗ್ಗೆ ‘ಅವಳ ದುಃಖಕ್ಕೆ ಪಾರವೇ ಇರಲಿಲ್ಲ’ ಎಂದು ಬರೆದಿದ್ದೆ. ಸುಳ್ಳೇನಲ್ಲ, ಆದರೆ ಅವಳು ಕಾಣುತ್ತಿರಲಿಲ್ಲ. ಈಗ ಅಲ್ಲಿ ಹೀಗಿದೆ: ಅವನ ಮೊಬೈಲನ್ನು ಅವಳು ಪ್ರತಿ ರಾತ್ರಿ ಚಾರ್ಜಿಗೆ ಹಾಕುತ್ತಾಳೆ. ಬೆಳಿಗ್ಗೆ ಅವನು ಇಟ್ಟಿದ್ದ ಅಲಾರಂ ಬಡಿಯುತ್ತದೆ. ಎದ್ದು ಹೋಗಿ ನಿಲ್ಲಿಸುತ್ತಾಳೆ, ಅಳಿಸಿಹಾಕುವುದಿಲ್ಲ. ದುಃಖ ಎಂಬ ಪದ ಆ ಪುಟದಲ್ಲಿ ಎಲ್ಲೂ ಇಲ್ಲ.

ಮರುಪ್ರಶ್ನೆ: ಪ್ರತಿಯೊಂದು ಭಾವನೆಯನ್ನೂ ಹೀಗೆಯೇ ಬರೆಯಬೇಕೇ?

ಉತ್ತರ: ಇಲ್ಲ, ಓದುಗರಿಗೆ ದಣಿವಾಗುತ್ತದೆ. ಎಷ್ಟೋ ಕಡೆ ‘ಅವನಿಗೆ ಸಿಟ್ಟು ಬಂತು’ ಎಂದರೆ ಸಾಕು.

ಪ್ರಶ್ನೆ: ಮನೆಯವರನ್ನು, ಬಂಧುಗಳನ್ನು ಪಾತ್ರ ಮಾಡಬಹುದೇ?

ಉತ್ತರ: ನನ್ನನ್ನು ಹೆಚ್ಚು ಕಾಡಿದ್ದು ಇದೇ. ಹೆಸರು, ವಯಸ್ಸು, ಉದ್ಯೋಗ ಎಲ್ಲ ಬದಲಾಯಿಸಿದ್ದರೂ ಕರಡು ಓದಿದ ಚಿಕ್ಕಮ್ಮ ಒಂದು ಪಾತ್ರ ಮಾತು ತಡೆದು ತಡೆದು ಆಡುವುದರಲ್ಲೇ ತಮ್ಮನ್ನು ಗುರುತಿಸಿದರು. ಅದಕ್ಕೆ ಬೇಸರಪಡಲಿಲ್ಲ. ಅವರಿಗೆ ನೋವಾದದ್ದು, ಎಂದೋ ನನ್ನನ್ನು ನಂಬಿ ಹೇಳಿಕೊಂಡಿದ್ದ ಒಂದು ಸಂಗತಿ ಪುಟದ ಮೇಲೆ ಇದ್ದುದಕ್ಕೆ. ಆ ಭಾಗವನ್ನು ತೆಗೆದೆ. ಕಥೆಗೆ ಅದರಿಂದ ಬಲ ಬರುತ್ತಿತ್ತು, ನಿಜ. ಆದರೂ ತೆಗೆದದ್ದೇ ಸರಿ. ನಡೆ, ನುಡಿ, ಕೈಯಾಡಿಸುವ ರೀತಿ ಕಣ್ಣಿಗೆ ಬಿದ್ದದ್ದು, ಅದನ್ನು ಬಳಸಿಕೊಳ್ಳಿ. ನಂಬಿ ಹೇಳಿದ್ದನ್ನು ಅವರನ್ನು ಕೇಳದೆ ಮುಟ್ಟಬೇಡಿ.

ಪ್ರಶ್ನೆ: ಪ್ರಕಾಶಕರು ಹಸ್ತಪ್ರತಿಯನ್ನು ತಿರಸ್ಕರಿಸಿದರೆ?

ಉತ್ತರ: ನನ್ನದನ್ನು ಒಬ್ಬರು ತಿರಸ್ಕರಿಸಿದ್ದಾರೆ. ಎರಡನೆಯ ಕರಡನ್ನು ಅವಸರದಲ್ಲಿ ಕಳುಹಿಸಿದ್ದೆ. ಈಗ ಬಾಗಿಲು ಹಾಕಿಕೊಂಡು ಇಡೀ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದೇನೆ. ನಾಲಿಗೆ ತಡವರಿಸಿದಲ್ಲೆಲ್ಲ ಪೆನ್ಸಿಲ್ ಗುರುತು ಹಾಕುತ್ತೇನೆ. 212ನೆಯ ಪುಟಕ್ಕೆ ಬಂದಿದ್ದೇನೆ.