ಹಾಕಿ ಆಡಲು ಬರುತ್ತದೆ, ಇಂಗ್ಲಿಷಿನಲ್ಲಿ ಹೇಳಲು ಬರುವುದಿಲ್ಲ

ಬೆಟ್ಟದ ಹುಡುಗ:
ನಮಸ್ಕಾರ. ನಾನು ಕನ್ನಡ ಮೀಡಿಯಂನಲ್ಲಿ ಓದಿದವನು. ಈಗ ಕಕ್ಕಬ್ಬೆ ಕಡೆ ಒಂದು ಹೋಂಸ್ಟೇಯಲ್ಲಿ ಕೆಲಸ, ಗೆಸ್ಟ್‌ಗಳನ್ನು ತಡಿಯಂಡಮೋಳ್ ಹತ್ತಿಸುತ್ತೇನೆ. ದಾರಿಯಲ್ಲಿ ಹಾಕಿ ಮಾತು ಬಂದೇ ಬರುತ್ತದೆ, ಕೊಡಗು ಅಲ್ವಾ. ಮೊನ್ನೆ ಒಬ್ಬರು ನಿಮ್ಮೂರಿನ ಟೀಮ್ ಹೇಗೆ ಆಡಿತು ಅಂತ ಕೇಳಿದರು. 'ವಿ ವನ್ ದೆಮ್' ಅಂದೆ. ಏನು ಗೆದ್ದಿರಿ ಅಂತ ಮತ್ತೆ ಕೇಳಿದರು! ಆಮೇಲೆ 'ಐ ಪ್ಲೇ ಸ್ವಿಮ್ಮಿಂಗ್ ಆಲ್ಸೋ' ಅಂದಾಗ ಅವರ ಮಗಳು ಕಿಸಕ್ಕನೆ ನಕ್ಕಳು. ಡ್ರಿಬಲ್, ಟ್ಯಾಕಲ್, ಪೆನಾಲ್ಟಿ ಕಾರ್ನರ್ ಎಲ್ಲಾ ಗೊತ್ತು, ವಾಕ್ಯ ಮಾಡಲು ಹೋದರೆ ಮಾತ್ರ ನಾಲಿಗೆ ಕಟ್ಟಿಹೋಗುತ್ತದೆ. ಎಲ್ಲಿಂದ ಶುರು ಮಾಡಲಿ?

ಪೀಟಿ ಮೇಷ್ಟ್ರು:
ನಿನಗೆ ಪದ ಕಮ್ಮಿ ಇಲ್ಲ ಮಾರಾಯ, ಪಕ್ಕದಲ್ಲಿ ಬರುವ ಕ್ರಿಯಾಪದ ತಪ್ಪುತ್ತಿದೆ. ಕನ್ನಡದಲ್ಲೇ ನೋಡು. ಹಾಕಿ ಆಡುತ್ತೇವೆ, ಯೋಗ ಮಾಡುತ್ತೇವೆ, ವಾಕಿಂಗ್ ಹೋಗುತ್ತೇವೆ. ಇಂಗ್ಲಿಷಿನಲ್ಲೂ ಹಾಗೇ, ಪ್ಲೇ, ಡೂ, ಗೋ. ಚೆಂಡಿನ ಆಟಕ್ಕೆ ಪ್ಲೇ. ಯೋಗ, ಕರಾಟೆ, ಎಕ್ಸರ್‌ಸೈಜ್‌ಗೆ ಡೂ. ಸ್ವಿಮ್ಮಿಂಗ್, ರನ್ನಿಂಗ್, ಟ್ರೆಕ್ಕಿಂಗ್, ದುಬಾರೆಯ ರಾಫ್ಟಿಂಗ್, ಇವಕ್ಕೆಲ್ಲ ಗೋ. ನಾವು ಎಡವುವುದು ಇಲ್ಲೇ, ಯಾಕೆಂದರೆ ಕನ್ನಡದಲ್ಲಿ ಸ್ವಿಮ್ಮಿಂಗೂ 'ಮಾಡುತ್ತೇವೆ', ಟ್ರೆಕ್ಕಿಂಗೂ 'ಮಾಡುತ್ತೇವೆ'. ಇಂಗ್ ಇದ್ದ ಮಾತ್ರಕ್ಕೆ ಗೋ ಅಂತಲೂ ಹೇಳಬೇಡ, ಬಾಕ್ಸಿಂಗ್‌ಗೆ ಡೂ.

ಇನ್ನು ಗೆಲ್ಲುವುದು. ಮ್ಯಾಚ್ ಗೆದ್ದರೆ ವಿನ್, ಕಪ್ ಗೆದ್ದರೂ ವಿನ್. ಎದುರಿನ ಟೀಮನ್ನು ಸೋಲಿಸಿದರೆ ಬೀಟ್. 'ವಿ ಬೀಟ್ ದೆಮ್ ತ್ರೀ ನಿಲ್' ಅನ್ನು. ಹಾಕಿಯಲ್ಲಿ ಸೊನ್ನೆಗೆ ನಿಲ್, ಟೆನಿಸ್‌ನಲ್ಲಿ ಲವ್. ರೋಹನ್ ಬೋಪಣ್ಣ ಮ್ಯಾಚಿನಲ್ಲಿ 'ಫಿಫ್ಟೀನ್ ಲವ್' ಕೇಳಿರುತ್ತೀಯ.

ಮಡಿಕೇರಿ ಮಂಜು:
ನಾನು ಬೆಂಗಳೂರಿಗೆ ಓದಲು ಹೋದ ಹೊಸತರಲ್ಲಿ 'ಐ ಪ್ಲೇ ಶಟಲ್' ಅನ್ನುತ್ತಿದ್ದೆ. ನಮ್ಮವರಿಗೆ ಅರ್ಥವಾಗುತ್ತದೆ, ಹೊರಗಿನವರಿಗೆ ಶಟಲ್ ಅಂದರೆ ಆ ಗರಿಯ ಕಾಕ್ ಮಾತ್ರ. ಆಟ ಬ್ಯಾಡ್ಮಿಂಟನ್, ಕೈಯಲ್ಲಿರುವುದು ಬ್ಯಾಟ್ ಅಲ್ಲ ರ‍್ಯಾಕೆಟ್, ಅಶ್ವಿನಿ ಪೊನ್ನಪ್ಪ ಆಡುವ ಜಾಗ ಗ್ರೌಂಡ್ ಅಲ್ಲ ಕೋರ್ಟ್.

ನಿಮ್ಮ ಕೆಲಸಕ್ಕೆ ಇದಕ್ಕಿಂತ ಜಾಸ್ತಿ ಬೇಕಾಗುವುದು ನೋವಿನ ಮಾತು. ಕಾಲು ಉಳುಕಿದರೆ ಸ್ಪ್ರೇನ್, ಮೀನಖಂಡ ಹಿಡಿದುಕೊಂಡರೆ ಕ್ರ್ಯಾಂಪ್. ಗೆಸ್ಟ್ 'ಕ್ರ್ಯಾಂಪ್' ಅಂದರೆ ಕೂರಿಸಿ ಕಾಲು ನೀಡಿಸಿ, 'ಸ್ಪ್ರೇನ್' ಅಂದರೆ ಸುಮ್ನೆ ಎಳೆಯಲು ಹೋಗಬೇಡಿ. ಮಳೆಗಾಲಕ್ಕೆ ಮುಂಚೆ ಜಿಗಣೆಗೆ ಲೀಚ್ ಅನ್ನುವುದನ್ನೂ ಕಲಿಯಿರಿ. ಅವರು ಕಿರುಚಿದ ಮೇಲೆ ಹೇಳಿ ಏನು ಪ್ರಯೋಜನ.

ಕಾಫಿ ಹೂವು:
ಇಷ್ಟೆಲ್ಲ ಬಾಯಿಪಾಠ ಮಾಡುವ ಬದಲು ಕೊಡವ ಮನೆತನಗಳ ನಡುವೆ ನಡೆಯುವ ಕುಟುಂಬ ಹಾಕಿ ಟೂರ್ನಮೆಂಟ್ ಬಗ್ಗೆ ಐದು ವಾಕ್ಯ ಬರೆದಿಟ್ಟುಕೊಳ್ಳಿ, ಗೆಸ್ಟ್ ಕೇಳುವುದು ಅದನ್ನೇ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ್ದು, ಅದಕ್ಕೆ 'ಸ್ಟಾರ್ಟೆಡ್' ಸಾಕು. ಪ್ರತಿ ಸಲ ಒಂದೊಂದು ಮನೆತನ ನಡೆಸಿಕೊಡುವುದಕ್ಕೆ 'ಹೋಸ್ಟ್'. ಮನೆತನದ ಹೆಸರಿನಲ್ಲಿ ಟೀಮ್ ಇಳಿಯುವುದಕ್ಕೆ 'ಪ್ಲೇ ಫಾರ್'. ಈ ಮೂರು ಬಂದರೆ ಅರ್ಧ ಬೆಟ್ಟ ಹತ್ತುವವರೆಗೂ ಮಾತಾಡಬಹುದು.

ಬೆಟ್ಟದ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆಯೇ 'ವಿ ಬೀಟೆಡ್ ದೆಮ್' ಅಂದು ಬಂದೆ. ಗೆಸ್ಟ್ ತಲೆಯಾಡಿಸಿದರು, ಆದರೆ ಅದೇ ಮಗಳು ಮತ್ತೆ ನಕ್ಕಳು.

ಪೀಟಿ ಮೇಷ್ಟ್ರು:
ಬೀಟೆಡ್ ಇಲ್ಲ ಕಣೋ. ನಿನ್ನೆಗೂ ಬೀಟ್, ಇವತ್ತಿಗೂ ಬೀಟ್.